ಹೈಟಿಯ ಗೆಲುವು ಜ್ವರದ್ದಲ್ಲ, ಜನರದ್ದು

ನೆಪೋಲಿಯನ್ನನ ಸೈನ್ಯ ಕೆರಿಬಿಯನ್ ಸಮುದ್ರದ ಹೈಟಿಯಲ್ಲಿ ಸೋತದ್ದು ಸೊಳ್ಳೆಯಿಂದ ಹರಡುವ ಹಳದಿ ಜ್ವರದಿಂದ ಅಂತ ಯಾರಾದರೂ ಬರೆದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಜ್ವರ ಬಂದದ್ದು ಹೌದು. ಸಾವಿರಾರು ಸೈನಿಕರು ಸತ್ತರು. ಸೇನಾಪತಿ ಲೆಕ್ಲೇರ್, ಅಂದರೆ ನೆಪೋಲಿಯನ್ನನ ತಂಗಿಯ ಗಂಡ, 1802ರ ನವೆಂಬರ್‌ನಲ್ಲಿ ಅದೇ ಜ್ವರಕ್ಕೆ ಬಲಿಯಾದ. ಹಾಗಂತ ಗೆಲುವನ್ನೆಲ್ಲ ಸೊಳ್ಳೆಯ ಲೆಕ್ಕಕ್ಕೆ ಬರೆದರೆ, ಹೋರಾಡಿ ಸತ್ತವರಿಗೆ ಅದು ಅನ್ಯಾಯ ಅಲ್ವಾ?

ಆಗ ಹೈಟಿ ಸಕ್ಕರೆ, ಕಾಫಿ ತೋಟಗಳ ಫ್ರೆಂಚ್ ವಸಾಹತು. ಸುಮಾರು 5 ಲಕ್ಷ ಗುಲಾಮರಿದ್ದರು. 1791ರಲ್ಲಿ ದಂಗೆ ಎದ್ದು, ಎರಡು ಮೂರು ವರ್ಷದಲ್ಲೇ ಬಿಡುಗಡೆ ಪಡೆದಿದ್ದರು. ಅವರನ್ನು ಮತ್ತೆ ಹದ್ದುಬಸ್ತಿಗೆ ತರಲು ಲೆಕ್ಲೇರ್ 1802ರ ಫೆಬ್ರವರಿಯಲ್ಲಿ ಕಾಪ್ ಬಂದರಿಗೆ ಬಂದ. ಬಿಡುಗಡೆಯಾದವರ ಕಡೆಯ ಜನರಲ್ ಕ್ರಿಸ್ತೋಫ್ ಇಡೀ ಪಟ್ಟಣಕ್ಕೆ ಬೆಂಕಿ ಇಟ್ಟ, ಮೊದಲು ತನ್ನ ಮನೆಗೇ. ಮಾರ್ಚ್‌ನಲ್ಲಿ ಕ್ರೆತ್-ಆ-ಪಿಯರೊ ಎಂಬ ಪುಟ್ಟ ಕೋಟೆ ಹಿಡಿಯಲು ಹೋಗಿ ಫ್ರೆಂಚರು ನೂರಾರು ಜನರನ್ನು ಕಳೆದುಕೊಂಡರು. ಕೋಟೆಯ ಒಳಗಿನಿಂದ ಫ್ರೆಂಚ್ ಕ್ರಾಂತಿಯ ಹಾಡುಗಳೇ ಕೇಳಿಬರುತ್ತಿದ್ದವು. ಹೊರಗಿದ್ದ ಸೈನಿಕರು, ನ್ಯಾಯ ಯಾರ ಕಡೆಗಿದೆ ಅನ್ನುವಂತೆ ತಮ್ಮ ಅಧಿಕಾರಿಗಳ ಮುಖ ನೋಡಿದರಂತೆ. ಜ್ವರ ಜೋರಾಗುವ ಮೊದಲೇ ನಡೆದದ್ದು ಇದೆಲ್ಲ.

ನನಗೆ ಮುಖ್ಯ ಅನ್ನಿಸುವುದು ಆಮೇಲಿನ ತಿಂಗಳುಗಳು. ನಾಯಕ ತೂಸೆಂಟ್‌ನನ್ನು ಮೋಸದಿಂದ ಹಿಡಿದು ಫ್ರಾನ್ಸಿಗೆ ಸಾಗಿಸಿದರು. ಅವನ ಜನರಲ್‌ಗಳಾದ ಕ್ರಿಸ್ತೋಫ್, ದೆಸಾಲಿನ್ ಇಬ್ಬರೂ ಫ್ರೆಂಚರ ಕಡೆ ಸೇರಿಬಿಟ್ಟಿದ್ದರು. ಕಾದಾಟ ಮುಗಿಯಬೇಕಿತ್ತು. ಅಷ್ಟರಲ್ಲಿ ಫ್ರೆಂಚರದೇ ಇನ್ನೊಂದು ದ್ವೀಪವಾದ ಗ್ವಾಡಲೂಪ್‌ನಲ್ಲಿ ಗುಲಾಮಗಿರಿ ಮತ್ತೆ ಜಾರಿಯಾಯಿತು ಅನ್ನುವ ಸುದ್ದಿ ಬಂತು. ಬೆಟ್ಟದ ಜನ ಬಂದೂಕು ಒಪ್ಪಿಸಲಿಲ್ಲ. ದೊಡ್ಡ ಹೆಸರಿನ ಜನರಲ್‌ಗಳು ಇಲ್ಲದೆಯೇ ಕಾದಾಡಿದರು.

ಸಾನಿತೆ ಬೆಲೇರ್ ಅಂತ ಒಬ್ಬ ಹೆಣ್ಣುಮಗಳು. ಗಂಡನ ಜೊತೆ ದಂಗೆ ಎದ್ದವಳು. ಸಿಕ್ಕಿಬಿದ್ದಾಗ, ತಲೆ ಕಡಿಯುವುದು ಬೇಡ, ಸೈನಿಕರಿಗೆ ಇಟ್ಟಂತೆ ನನಗೂ ಗುಂಡಿಡಿ ಅಂತ ಹಟ ಹಿಡಿದಳಂತೆ. ಕಣ್ಣಿಗೆ ಬಟ್ಟೆ ಕಟ್ಟಲು ಬಿಡಲಿಲ್ಲವಂತೆ. ಇವತ್ತು ಹೈಟಿಯ 10 ಗೂರ್ಡ್ ನೋಟಿನ ಮೇಲೆ ಅವಳ ಮುಖ ಇದೆ. ಅವಳನ್ನು ಕೊಂದ ಅದೇ ಅಕ್ಟೋಬರ್‌ನಲ್ಲಿ ಲೆಕ್ಲೇರ್ ನೆಪೋಲಿಯನ್‌ಗೆ ಪತ್ರ ಬರೆದ: ಬೆಟ್ಟದ ಕರಿಯರನ್ನೆಲ್ಲ, ಗಂಡು ಹೆಣ್ಣೆನ್ನದೆ, ಮುಗಿಸಬೇಕು, 12 ವರ್ಷದೊಳಗಿನ ಮಕ್ಕಳನ್ನು ಮಾತ್ರ ಬಿಡಬೇಕು. ಬರೀ ಜ್ವರಕ್ಕೆ ಹೆದರಿದವನು ಹೀಗೆ ಬರೆಯುತ್ತಾನಾ?

ಆ ಜನ ಬಗ್ಗಲಿಲ್ಲ ಅಂತ ಕಂಡ ಮೇಲೆಯೇ ದೆಸಾಲಿನ್, ಕ್ರಿಸ್ತೋಫ್ ತಿರುಗಿ ಬಂದದ್ದು. 1803ರ ನವೆಂಬರ್ 18ರಂದು ವೆರ್ತಿಯೇರ್‌ನ ಕಾಳಗದಲ್ಲಿ ದೆಸಾಲಿನ್ ಕಡೆಯ ಅಧಿಕಾರಿ ಕಾಪ್ವಾನ ಕುದುರೆಗೆ ಗುಂಡು ಬಿತ್ತು. ಅವನು ಎದ್ದು, ಕತ್ತಿ ಹಿರಿದು, ಮುಂದೆ ನಡೆದ. ಫ್ರೆಂಚ್ ಸೇನಾಪತಿ ರೋಶಾಂಬೋ ಗುಂಡು ನಿಲ್ಲಿಸಿ, ದೂತನ ಕೈಲಿ ಅವನಿಗೆ ಮೆಚ್ಚುಗೆ ಹೇಳಿ ಕಳಿಸಿದನಂತೆ. ಮಾರನೇ ದಿನ ಶರಣಾಗತಿಯ ಒಪ್ಪಂದಕ್ಕೆ ಸಹಿ ಹಾಕಿದ.