ಕಿಡಿ ಹಾರದ ವೆಲ್ಡಿಂಗ್ ಕ್ಲಾಸು

ಜೂನ್ 1ಕ್ಕೆ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆ ಬಂದ್. ಜುಲೈ 31ರ ತನಕ, ಲೆಕ್ಕಕ್ಕೆ 61 ದಿನ, ಕಾರವಾರದ ಬೈತಖೋಲದಿಂದ ತದಡಿ, ಹೊನ್ನಾವರ, ಭಟ್ಕಳದವರೆಗೆ ಬೋಟುಗಳೆಲ್ಲ ದಡ ಹಿಡಿಯುತ್ತವೆ. ತಾಡಪತ್ರಿ ಕಟ್ಟಿ ಅದರಡಿ ವಿಂಚ್ ಬಿಚ್ಚುತ್ತಾರೆ, ಸವೆದ ರೇಲಿಂಗ್ ಕತ್ತರಿಸುತ್ತಾರೆ, ಉಪ್ಪುಗಾಳಿ ತಿಂದ ಪ್ಲೇಟಿಗೆ ತೇಪೆ ಹಾಕುತ್ತಾರೆ. ಕರಾವಳಿಯಲ್ಲಿ ವೆಲ್ಡರ್‌ನ ಮನೆ ಬಾಗಿಲಿಗೆ ಜನ ಬಂದು ಕೂಗುವ ಎರಡು ತಿಂಗಳೆಂದರೆ ಇವೇ. ನಮ್ಮ ಭಾವಿ ವೆಲ್ಡರ್‌ಗಳು ಆಗ ಎಲ್ಲಿರುತ್ತಾರೆ? ತರಬೇತಿ ಕೇಂದ್ರದ ಸ್ಮಾರ್ಟ್ ಬೋರ್ಡಿನ ಮುಂದೆ. ‘ಬೋಟ್ ರಿಪೇರಿಯಲ್ಲಿ ಉದ್ಯೋಗಾವಕಾಶಗಳು’ ಎಂಬ ಸ್ಲೈಡ್ ನೋಡುತ್ತಿರುತ್ತಾರೆ.

ಕಲಿಸುವವರನ್ನು ಬೈದು ಪ್ರಯೋಜನವಿಲ್ಲ. ಅವರಿಗೂ ತರಬೇತಿ ಆಗಿರುತ್ತದೆ. ವಿಷಯ ‘ಮಾಡಿ ಕಲಿ’, ಅವಧಿ ಮೂರು ದಿನ, ಮಾಡುವುದೇನೂ ಇಲ್ಲ, ಕೂತರೆ ಸಾಕು. ಕೈಯ ಮಹತ್ವವನ್ನು ವಿವರಿಸುವವರ ಕೈಯಲ್ಲಿ ಲೇಸರ್ ಪಾಯಿಂಟರ್. ಕೊನೆಯ ದಿನ ಅಭಿಪ್ರಾಯದ ಫಾರ್ಮ್, ಗ್ರೂಪ್ ಫೋಟೋ, ಉಪ್ಪಿಟ್ಟು, ಶಿರಾ.

ಆ ಸ್ಲೈಡುಗಳಲ್ಲಿ ನಾಲ್ಕು ಹಂತದ ಪಾಠಕ್ರಮ ಎಂದೊಂದು ಬರುತ್ತದೆ: ಸಿದ್ಧಗೊಳಿಸು, ತೋರಿಸು, ಮಾಡಿಸು, ಪರೀಕ್ಷಿಸು. ಸುಮ್ಮನೆ ಹುಟ್ಟಿದ ಕ್ರಮವಲ್ಲ ಅದು. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಹಡಗು ಕಟ್ಟುವ ಕೆಲಸಗಾರರನ್ನು ಬೇಗ ತಯಾರು ಮಾಡಬೇಕಾದಾಗ ಚಾರ್ಲ್ಸ್ ಅಲೆನ್ ಎಂಬಾತ ಹಡಗುಕಟ್ಟೆಯ ಕೆಲಸಕ್ಕೇ ಹೊಂದಿಸಿದ್ದು. ಹಡಗಿಗಾಗಿ ಬೆಳೆದ ವಿದ್ಯೆ ನೂರು ವರ್ಷ ಸುತ್ತಿ, ಬಂದರಿನ ಮಗ್ಗುಲಿಗೇ ಬಂದು, ಪ್ರೊಜೆಕ್ಟರಿನ ಒಳಗೆ ಲಂಗರು ಹಾಕಿದೆ. ನಾಲ್ಕರಲ್ಲಿ ಮೂರನೆಯ ಹಂತ ಮಾತ್ರ ಟೆಂಡರ್ ಆಗದೆ ಉಳಿದಿದೆ.

‘ತೋರಿಸು’ ಎಂಬ ಎರಡನೆಯ ಹಂತವನ್ನು ಈಗ ವಿಡಿಯೋಗೆ ವಹಿಸಲಾಗಿದೆ. ವೆಲ್ಡಿಂಗ್‌ನಲ್ಲಿ ನೋಡಬೇಕಾದ್ದು ಉರಿಯುವ ಆರ್ಕನ್ನಲ್ಲ, ಅಂದರೆ ಕಣ್ಣು ಕುಕ್ಕುವ ವಿದ್ಯುತ್ ಕಿಡಿಯನ್ನಲ್ಲ. ಅದರ ಬೆನ್ನಿಗೇ ನಿಂತ ಕರಗಿದ ಲೋಹದ ಪುಟ್ಟ ಹೊಂಡವನ್ನು, ಅದರ ಅಗಲ ಎಷ್ಟು, ಸ್ಲ್ಯಾಗ್ ಎಂಬ ಕರಗಿದ ಕಿಟ್ಟ ಹಿಂದೆ ಉಳಿಯಿತೋ ಮುಂದೆ ನುಗ್ಗಿತೋ ಎನ್ನುವುದನ್ನು ನೋಡಬೇಕು. ಹತ್ತು ಅಥವಾ ಹನ್ನೊಂದನೇ ನಂಬರಿನ ಕಪ್ಪು ಗಾಜು ಹಿಡಿದು, ಕಲಿಸುವವರ ಭುಜದ ಪಕ್ಕ ಬಗ್ಗಿ ನಿಂತರೆ ಮಾತ್ರ ಅದು ಕಾಣುತ್ತದೆ. ಒಮ್ಮೆಗೆ ಮೂರ್ನಾಲ್ಕು ಹುಡುಗರಿಗಿಂತ ಹೆಚ್ಚು ಜನ ಹಿಡಿಯುವುದಿಲ್ಲ. ಮೊಬೈಲ್ ಕ್ಯಾಮೆರಾದಲ್ಲಿ ತೆಗೆದ ವಿಡಿಯೋದಲ್ಲಿ ಏನು ಕಾಣುತ್ತದೆ? ಒಂದು ಬಿಳಿ ಚುಕ್ಕೆ. ಎಪ್ಪತ್ತೈದು ಇಂಚಿನ ಪರದೆಯಲ್ಲಿ ಅದು ದೊಡ್ಡ ಬಿಳಿ ಚುಕ್ಕೆ. ತಂತ್ರಜ್ಞಾನದ ಲಾಭ ಇಷ್ಟು.

ಇನ್ನು ರಾಡಿನ, ಅಂದರೆ ತಾನೇ ಕರಗಿ ಬೆಸುಗೆಯಾಗುವ ಲೇಪ ಹಚ್ಚಿದ ಕಡ್ಡಿಯ, ಲೆಕ್ಕ. 3.15 ಮಿ.ಮೀ. ದಪ್ಪ, 350 ಮಿ.ಮೀ. ಉದ್ದದ 6013 ಎಂಬ ಸಾಮಾನ್ಯ ಜಾತಿಯ ಒಂದು ರಾಡು 110 ಆಂಪಿಯರ್ ಆಸುಪಾಸಿನಲ್ಲಿ ಒಂದು ನಿಮಿಷಕ್ಕೆ ಚೂರು ಹೆಚ್ಚು ಉರಿಯುತ್ತದೆ. ರಾಡನ್ನು ಕಚ್ಚಿ ಹಿಡಿಯುವ ಹೋಲ್ಡರಿನಲ್ಲಿ 50 ಮಿ.ಮೀ. ತುಂಡು ಉಳಿಯುತ್ತದೆ, ಪ್ಲೇಟಿನ ಮೇಲೆ ಗೇಣುದ್ದದ ಬೀಡ್, ಅಂದರೆ ಬೆಸುಗೆಯ ಗೆರೆ, ಬೀಳುತ್ತದೆ. ಹುಡುಗನಿಗೆ ದಿನಕ್ಕೆ ಎರಡು ರಾಡು. ಅಂದರೆ ಎರಡೂಕಾಲು ನಿಮಿಷದ ವಿದ್ಯೆ. ಅದರಲ್ಲೂ ಮೊದಲ ರಾಡು ಅಂಟಿಕೊಳ್ಳುವುದಕ್ಕೇ ಮೀಸಲು. ಕಡ್ಡಿ ಗೀರಿದಂತೆ ಗೀರಿ ಎತ್ತಬೇಕು, ಆದರೆ ರಾಡಿನ ದಪ್ಪದಷ್ಟೇ ಎತ್ತಬೇಕು. ಎತ್ತದಿದ್ದರೆ ರಾಡು ಪ್ಲೇಟಿಗೆ ಕಚ್ಚಿಕೊಂಡು, ಕೆಂಪಗೆ ಕಾದು, ಮೇಲಿನ ಲೇಪ ಪಟಪಟ ಉದುರುತ್ತದೆ. ಹುಡುಗ ಗಾಬರಿಯಾಗಿ ಎರಡು ಕೈಯಲ್ಲಿ ಜಗ್ಗುತ್ತಾನೆ. ಜಗ್ಗಬಾರದು, ಪಕ್ಕಕ್ಕೆ ಥಟ್ಟನೆ ತಿರುಚಬೇಕು. ಬಿಡಲಿಲ್ಲವೋ, ಹೋಲ್ಡರಿನ ಹಿಡಿ ಅದುಮಿ ರಾಡನ್ನು ಅಲ್ಲೇ ಬಿಟ್ಟುಬಿಡಬೇಕು. ಹೆಚ್ಚು ಎತ್ತಿದರೆ ಇನ್ನೊಂದು ಪಾಡು: ಆರ್ಕ್ ಉದ್ದವಾಗಿ ಕಿಡಿ ಚೆಲ್ಲಾಪಿಲ್ಲಿ, ಬೀಡಿನ ತುಂಬ ತೂತು. ಸರಿಯಾದ ಅಂತರ ಸಿಕ್ಕಾಗ ಕಾದ ಕಾವಲಿಗೆ ಬಂಗಡೆ ಬಿದ್ದ ಹಾಗೆ ಒಂದೇ ಸಮ ಚುರುಗುಟ್ಟುತ್ತದೆ. ಆ ಸದ್ದು ಕಿವಿಗೆ ಕೂರಲು ನೂರಾರು ರಾಡು ಉರಿಯಬೇಕು.

ಯಂತ್ರದ ಮೇಲೆ ಡ್ಯೂಟಿ ಸೈಕಲ್ 60 ಪ್ರತಿಶತ ಎಂದು ಬರೆದಿರುತ್ತದೆ. ಅದರ ಮೇಲೆ ಬರೆದಷ್ಟು ಕರೆಂಟಿನಲ್ಲಿ ಹತ್ತು ನಿಮಿಷಕ್ಕೆ ಆರು ನಿಮಿಷ ಉರಿಸಬಹುದು, ನಾಲ್ಕು ನಿಮಿಷ ತಣಿಯಲು ಬಿಡಬೇಕು ಎಂದರ್ಥ. ನಮ್ಮ ಯಂತ್ರಗಳು ಹತ್ತಕ್ಕೆ ಹತ್ತೂ ನಿಮಿಷ ತಣಿದೇ ಇರುತ್ತವೆ. ಬಾಳಿಕೆ ಅದ್ಭುತ.

ಮಳೆಗಾಲದಲ್ಲಿ ಆ ಎರಡು ರಾಡುಗಳ ಗತಿಯನ್ನೂ ಕೇಳಬೇಡಿ. ಆಷಾಢದ ಕಾರವಾರದಲ್ಲಿ ಕಡ್ಡಿಪೆಟ್ಟಿಗೆಯೇ ಗೀರಿದರೆ ಹತ್ತುವುದಿಲ್ಲ, ಒಡೆದ ಪೊಟ್ಟಣದ ರಾಡು ಹೇಗೆ ಒಣಗಿದ್ದೀತು? ಲೇಪ ತೇವ ಕುಡಿಯುತ್ತದೆ. ಉರಿಸಿದಾಗ ಆ ತೇವ ಆವಿಯಾಗಿ ಲೋಹದೊಳಗೆ ಗುಳ್ಳೆ ಕಟ್ಟುತ್ತದೆ. 6013 ಆದರೆ ನೂರು ಡಿಗ್ರಿಯ ಮೇಲೆ ಸ್ವಲ್ಪ ಶಾಖದಲ್ಲಿ ಅರ್ಧ-ಮುಕ್ಕಾಲು ಗಂಟೆ ಒಣಗಿಸಿದರೆ ನಡೆದೀತು. ಬಿಗಿ ಕೆಲಸಕ್ಕೆ ಬಳಸುವ 7018ಕ್ಕೆ 300ರಿಂದ 350 ಡಿಗ್ರಿಯಲ್ಲಿ ಒಂದೆರಡು ಗಂಟೆ ಬೇಕು. ಇಲ್ಲದಿದ್ದರೆ ತೇವದ ಹೈಡ್ರೋಜನ್ ಬೆಸುಗೆಯ ಪಕ್ಕದಲ್ಲಿ ಅವಿತು ಕೂತು, ತಣಿದು ಎಷ್ಟೋ ಹೊತ್ತಿನ ಮೇಲೆ ಬಿರುಕು ತೋರಿಸುತ್ತದೆ. ಇದಕ್ಕೆಂದೇ ರಾಡ್ ಓವನ್ ಕೊಡುತ್ತಾರೆ. ಅದು ಸ್ಟೋರಿನಲ್ಲಿ ಪ್ಲಾಸ್ಟಿಕ್ ಹೊದ್ದು, ದಾಸ್ತಾನು ಪುಸ್ತಕದ ನಂಬರ್ ಹಚ್ಚಿಸಿಕೊಂಡು, ಸುಸ್ಥಿತಿಯಲ್ಲಿರುತ್ತದೆ. ಪ್ಲಾಸ್ಟಿಕ್ ಬಿಚ್ಚಿದ ಅಪರೂಪದ ಕಡೆಗಳಲ್ಲಿ ಒಳಗೆ ಹಲಸಿನ ಹಪ್ಪಳ ಇದ್ದರೆ ಆಶ್ಚರ್ಯಪಡಬೇಕಿಲ್ಲ. ಗರಿಗರಿಯಾಗಿ ಉಳಿಯುತ್ತವೆ. ಓವನ್ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅಷ್ಟಾದರೂ ಪುರಾವೆ.

ಇಷ್ಟೆಲ್ಲ ನಡೆದದ್ದಕ್ಕೆ ದಾಖಲೆ ಬೇಡವೇ? ಬೇಕು. ದಿನಕ್ಕೊಂದು ಫೋಟೋ, ಅಕ್ಷಾಂಶ ರೇಖಾಂಶದ ಸಮೇತ. ಹುಡುಗ ಏಪ್ರನ್ ಕಟ್ಟಿ, ಕೈಗವಸು ತೊಟ್ಟು, ಹೋಲ್ಡರ್ ಹಿಡಿದು ನಿಲ್ಲಬೇಕು. ಮುಖ ಕಾಣದಿದ್ದರೆ ಹಾಜರಿ ಆ್ಯಪ್ ಒಪ್ಪುವುದಿಲ್ಲವಾದ್ದರಿಂದ ಮುಖ ಮುಚ್ಚುವ ಕಪ್ಪು ಗಾಜಿನ ಸ್ಕ್ರೀನ್ ನೆತ್ತಿಯ ಮೇಲೆ. ಸ್ಕ್ರೀನ್ ಮೇಲಿದ್ದು ಕಿಡಿ ಹೊತ್ತಿಸಿದರೆ ರಾತ್ರಿಯೆಲ್ಲ ಕಣ್ಣಲ್ಲಿ ಮರಳು ಸುರಿದಂಥ ಉರಿ. ಹಾಗಾಗಿ ಫೋಟೋದಲ್ಲಿ ಯಂತ್ರ ಆಫ್. ಸುರಕ್ಷತೆಗೆ ಪೂರ್ತಿ ಅಂಕ.

ಪರೀಕ್ಷೆ ಕಂಪ್ಯೂಟರಿನಲ್ಲಿ. ‘ರಾಡು ಅಂಟಿಕೊಂಡರೆ ಏನು ಮಾಡುವಿರಿ? ಎ. ತಿರುಚುವೆ. ಬಿ. ಹೋಲ್ಡರ್ ಸಡಿಲಿಸುವೆ. ಸಿ. ಕರೆಂಟ್ ಪರೀಕ್ಷಿಸುವೆ. ಡಿ. ಮೇಲಿನ ಎಲ್ಲವೂ.’ ‘ಮೇಲಿನ ಎಲ್ಲವೂ’ ಇದ್ದಲ್ಲಿ ಕಣ್ಮುಚ್ಚಿ ಅದನ್ನೇ ಒತ್ತು ಎಂಬ ಕೌಶಲವನ್ನು ಮಾತ್ರ ಯಾರೂ ಕಲಿಸಬೇಕಾಗಿಲ್ಲ. ಪ್ರಾಕ್ಟಿಕಲ್ ಪರೀಕ್ಷೆಯೂ ಇದೆ ಅನ್ನಿ, ಮೇಜಿನ ಮೇಲೆ ಮಲಗಿಸಿದ ಪ್ಲೇಟಿಗೆ.

ಬೋಟಿನವರು ಪ್ಲೇಟನ್ನು ಮೇಜಿನ ಮೇಲೆ ಮಲಗಿಸಿ ಕೊಡುವುದಿಲ್ಲ. ಹುಡುಗನೇ ಬೋಟಿನ ಅಡಿಗೆ, ಕೆಸರಿನಲ್ಲಿ, ಅಂಗಾತ ಮಲಗಬೇಕು. ಮೊದಲು ತುಕ್ಕು, ಬಣ್ಣ, ಕಪ್ಪೆಚಿಪ್ಪು ಎಲ್ಲ ಗ್ರೈಂಡರ್ ಹೊಡೆದು ಬೆಳ್ಳಿಯಂತೆ ಮಾಡಿಕೊಳ್ಳಬೇಕು. ಕರೆಂಟು ಹತ್ತು-ಹದಿನೈದು ಪ್ರತಿಶತ ಇಳಿಸಬೇಕು, ಆರ್ಕ್ ಇನ್ನೂ ಗಿಡ್ಡ ಹಿಡಿಯಬೇಕು. ಆದರೂ ಒಂದೆರಡು ಹನಿ ಕಾಲರಿನೊಳಗೆ ಇಳಿಯುತ್ತದೆ, ಅದಕ್ಕೆ ಸ್ಲೈಡ್ ಇಲ್ಲ.

“ತಮಾ, ಅಡಿಗೆ ಒಂದು ತೇಪೆ ಆಗ್ಬೇಕಿತ್ತು. ಮಾಡ್ತ್ಯೇನೋ?”

“ಮಾಡ್ವಾ. ಸರ್ಟಿಫಿಕೇಟ್ ಅದೆ.”

“ಅದನ್ನೇ ತೂತಿಗೆ ಅಂಟ್ಸಿದ್ರೆ ನೀರು ನಿಲ್ತದೋ ಮಾರಾಯಾ?”

ಹಾಜರಿ, ಫೋಟೋ, ಅಂಕ ಎಣಿಸುವ ಬದಲು ತಿಂಗಳ ಕೊನೆಗೆ ಉರಿದುಳಿದ ರಾಡ್ ತುಂಡುಗಳ ಡಬ್ಬಿಯೊಂದನ್ನು ತೂಗಿದರೆ ಸಾಕು, ಕಲಿತದ್ದು ಎಷ್ಟೆಂದು ಗೊತ್ತಾಗುತ್ತದೆ ಎಂದು ಹಳೇ ವೆಲ್ಡರ್‌ಗಳು ಹೇಳಿಯಾರು. ಒಳ್ಳೆಯ ಸಲಹೆ, ಆದರೆ ಇಲಾಖೆಯ ಕಿವಿಗೆ ಬೀಳದಿರಲಿ. ಬಿದ್ದರೆ ಮರುವಾರವೇ ‘ಕೌಶಲ ತುಂಡು ನಮೂನೆ’ ಬರುತ್ತದೆ, ತೂಕದ ಫೋಟೋ ಸಮೇತ ಅಪ್‌ಲೋಡ್ ಮಾಡಬೇಕು. ಆಗ ಪಕ್ಕಡ್ ಹಿಡಿದು ಒಂದು ಹೊಸ ರಾಡನ್ನು ಐವತ್ತು-ಐವತ್ತು ಮಿ.ಮೀ.ಗೆ ಕತ್ತರಿಸಿದರೆ ಏಳು ತುಂಡು. ತುದಿಗೆ ಒಂದಿಷ್ಟು ಮಸಿ ಸವರಿದರೆ ಯಾರಿಗೆ ಗೊತ್ತಾಗಬೇಕು? ಅಭ್ಯಾಸ ಏಳು ಪಟ್ಟು, ಕರೆಂಟ್ ಬಿಲ್ಲೂ ಇಲ್ಲ.