ಒಳ್ಳೆಯ ಆರಂಭ, ಉಪಶೀರ್ಷಿಕೆ ಸೇರಿಸಿ

ಆ ಸುತ್ತೋಲೆ ನಿಮಗೂ ಬಂದಿರಬೇಕು. ಮೇಷ್ಟ್ರುಗಳ ವಾಟ್ಸಾಪ್ ಗುಂಪುಗಳಲ್ಲೆಲ್ಲ ಅದೇ ಓಡಾಡುತ್ತಿದೆ. ವಿದ್ಯಾರ್ಥಿಗಳು ಆನ್‌ಲೈನ್ ಪುಸ್ತಕಕ್ಕೆ ಬರೆಯುವ ಅಧ್ಯಾಯಗಳಿಗೆ ಮೊದಲು ಒಂದು ಪ್ಲಾನ್ ಕೊಡುತ್ತಾರಲ್ಲ, ಆ ಪ್ರತಿ ಪ್ಲಾನಿಗೂ 48 ಗಂಟೆಯೊಳಗೆ ಫೀಡ್‌ಬ್ಯಾಕ್ ಕೊಡಬೇಕಂತೆ. 100 ಪದಕ್ಕೆ ಕಡಿಮೆ ಇರಬಾರದು. ಧನಾತ್ಮಕವಾಗಿರಬೇಕು. ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಬರೆದಂತೆ ಕಾಣಬೇಕು. ಗಮನಿಸಿದಿರಾ? "ಬರೆದಿರಬೇಕು" ಅಂತ ಇಲ್ಲ, "ಬರೆದಂತೆ ಕಾಣಬೇಕು" ಅಂತ ಇದೆ. ಆ ಒಂದು ಪದಕ್ಕಾಗಿ ಸುತ್ತೋಲೆ ಬರೆದವರಿಗೆ ಶಾಲು ಹೊದೆಸಬೇಕು.

ನನ್ನ ಪಾಲಿಗೆ 112 ಪ್ಲಾನ್. ಒಂದೊಂದಕ್ಕೆ 15 ನಿಮಿಷ ಅಂದರೆ 28 ಗಂಟೆ. ನಿದ್ದೆ, ಸ್ನಾನ, ಊಟ, ಪಾಠ, ಪಾಠ ಮಾಡಿದ್ದಕ್ಕೆ ದಾಖಲೆ, ದಾಖಲೆ ಇಟ್ಟಿದ್ದಕ್ಕೆ ಇನ್ನೊಂದು ದಾಖಲೆ, ಇವೆಲ್ಲಕ್ಕೂ ಇನ್ನೂ 20 ಗಂಟೆ ಮಿಗುತ್ತದೆ. ಮೇಷ್ಟ್ರ ಕೆಲಸ ಕಷ್ಟ ಅಂತ ಯಾರು ಹೇಳಿದ್ದು?

ಈ ಫೀಡ್‌ಬ್ಯಾಕ್ ಅನ್ನುವುದಕ್ಕೆ ಶಿಕ್ಷಣಶಾಸ್ತ್ರದ ಕನ್ನಡ ಪುಸ್ತಕಗಳಲ್ಲಿ "ಹಿಮ್ಮಾಹಿತಿ" ಅಂತ ಒಂದು ಪದ ಇದೆ. ಪರೀಕ್ಷೆಗೆ ಓದಿದವರನ್ನು ಬಿಟ್ಟರೆ ಅದನ್ನು ಬಾಯಿಬಿಟ್ಟು ಹೇಳಿದವರನ್ನು ನಾನು ಕಂಡಿಲ್ಲ. ಹಿಮ್ಮಡಿ, ಹಿಮ್ಮೇಳ, ಹಿಮ್ಮಾಹಿತಿ. ಕೇಳಿದರೆ ಹಿಂದಿನಿಂದ ಯಾರೋ ಬಂದು ಬೆನ್ನಿಗೆ ಏನೋ ಅಂಟಿಸಿ ಹೋದ ಹಾಗಿದೆ. ಈಗ ನಡೆಯುತ್ತಿರುವುದನ್ನು ನೋಡಿದರೆ ಅದೇ ಸರಿಯಾದ ಪದ ಅನಿಸುತ್ತದೆ. ಮುಖ ನೋಡುವಂತಿಲ್ಲ, ಅಂಟಿಸಿ ಓಡಬೇಕು.

ಆನ್‌ಲೈನ್ ಪುಸ್ತಕದ ಯೋಚನೆಯನ್ನು ಮಾತ್ರ ನಾನು ಗೇಲಿ ಮಾಡುವುದಿಲ್ಲ. ಮೊದಲೆಲ್ಲ ಅಸೈನ್‌ಮೆಂಟ್ ಬರೆದರೆ ಮೇಷ್ಟ್ರೊಬ್ಬರೇ ಓದುತ್ತಿದ್ದರು. ಅದೂ ಓದಿದರೆ. ಆಮೇಲೆ ಅದು ಬೀರುವಿನ ಮೇಲೆ ಧೂಳು ತಿನ್ನುತ್ತಿತ್ತು. 2001ರಲ್ಲಿ ವಿಕಿಪೀಡಿಯ ಬಂತು, 2003ರಲ್ಲಿ ವಿಕಿಬುಕ್ಸ್, 2006ರಲ್ಲಿ ವಿಕಿವರ್ಸಿಟಿ. ಯಾರು ಬೇಕಾದರೂ ಬರೆದು ತಿದ್ದಬಹುದಾದ ಜಾಲತಾಣಗಳು ಇವು. ಇಪ್ಪತ್ತು ವರ್ಷದ ಹುಡುಗಿ ಬರೆದ ಅಧ್ಯಾಯವನ್ನು ಎಲ್ಲೋ ಕೂತ ಯಾರೋ ಓದಿ, ತಪ್ಪಿದ್ದರೆ ತಿದ್ದಬಹುದು. ಇದು ದೊಡ್ಡ ಆಸೆ. ನನಗೆ ಅದರ ಮೇಲೆ ಇವತ್ತಿಗೂ ಪ್ರೀತಿ ಇದೆ. ಅಂಥ ಆಸೆಯನ್ನೂ ಹೇಗೆ ಫಾರಂ ತುಂಬುವ ಕೆಲಸ ಮಾಡಿಬಿಟ್ಟೆವು ಅನ್ನುವುದೇ ನನಗೆ ಬೆರಗು.

ಪ್ಲಾನ್ ಹೇಗಿರುತ್ತದೆ ಅಂತ ನೋಡೋಣ. ನಮ್ಮ ಪುಸ್ತಕ ಇರುವುದೂ ಇಂಥ ಒಂದು ವಿಕಿಯಲ್ಲೇ. ಅಲ್ಲಿ ಪ್ರತಿ ಪುಟಕ್ಕೂ "ಇತಿಹಾಸ" ಅಂತ ಒಂದು ಗುಂಡಿ ಇರುತ್ತದೆ. ಯಾರು, ಎಷ್ಟು ಹೊತ್ತಿಗೆ, ಏನು ಬದಲಾಯಿಸಿದರು ಅನ್ನುವುದು ನಿಮಿಷದ ಲೆಕ್ಕದಲ್ಲಿ ಅಲ್ಲಿ ಬಿದ್ದಿರುತ್ತದೆ. ವಿದ್ಯಾರ್ಥಿಗಳಿಗೆ ಇದು ಗೊತ್ತಿಲ್ಲ, ಅಥವಾ ಗೊತ್ತಿದ್ದೂ ತಲೆ ಕೆಡಿಸಿಕೊಳ್ಳುವುದಿಲ್ಲ. ಒಬ್ಬ ಮಹಾನುಭಾವನ ಪುಟ ರಾತ್ರಿ 11:41ಕ್ಕೆ ಹುಟ್ಟಿದೆ. 11:44ಕ್ಕೆ ಬೇರೆ ಯಾರದೋ ಪುಟದ ಉಪಶೀರ್ಷಿಕೆಗಳು ಬಂದು ಕೂತಿವೆ. 11:52ಕ್ಕೆ ಒಂದು ಚಿತ್ರ. 11:57ಕ್ಕೆ ಒಂದು ಅಲ್ಪವಿರಾಮ. 11:59ಕ್ಕೆ ಅದೇ ಅಲ್ಪವಿರಾಮವನ್ನು ತೆಗೆದಿದ್ದಾನೆ. ಗಡುವಿಗೆ ಒಂದು ನಿಮಿಷ ಇರುವಾಗಲೂ ಅಲ್ಪವಿರಾಮದ ಬಗ್ಗೆ ಮರುಚಿಂತನೆ ನಡೆಸುವವನನ್ನು ಸೋಮಾರಿ ಅಂತ ಹೇಗೆ ಕರೆಯಲಿ?

ಕೆಲಸ ಮುಂದೂಡುವ ಚಾಳಿಯ ಬಗ್ಗೆ ಅಧ್ಯಾಯ ಆರಿಸಿಕೊಂಡವನು ತಡವಾಗಿ ಕೊಟ್ಟ ಅಂತ ನೀವು ಊಹಿಸಿರುತ್ತೀರಿ. ಇಲ್ಲ. ಅವನು ಎಲ್ಲರಿಗಿಂತ ಮೊದಲು ಕೊಟ್ಟಿದ್ದ. ಪುಟ ಖಾಲಿ ಇತ್ತು. ಇನ್ನೊಬ್ಬಳು ಮಾದರಿ ಪುಟವನ್ನು ಹಾಗೇ ನಕಲು ಮಾಡಿದ್ದಳು. ಹಾಗಾಗಿ ಅವಳ ಅಧ್ಯಾಯದ ಹೆಸರು "ನಿಮ್ಮ ಅಧ್ಯಾಯದ ಹೆಸರನ್ನು ಇಲ್ಲಿ ಬರೆಯಿರಿ". ಕೊನೆಯಲ್ಲಿ ಉಪಸಂಹಾರ ಅಂತ ಒಂದು ಶೀರ್ಷಿಕೆ, ಅದರ ಕೆಳಗೆ "ಉಪಸಂಹಾರ ಇಲ್ಲಿ ಬರುತ್ತದೆ". ಸುಳ್ಳೇನಲ್ಲವಲ್ಲ.

ನಮ್ಮದು ಮನಸ್ಸು, ಭಾವನೆಗಳ ಬಗ್ಗೆ ಪುಸ್ತಕ. ಆದ್ದರಿಂದ ವಿಷಯ ಯಾವುದೇ ಇರಲಿ, ಮನೋವಿಜ್ಞಾನಿ ಮ್ಯಾಸ್ಲೋ ಬಂದೇ ಬರುತ್ತಾನೆ. ಕೋಪದ ಬಗ್ಗೆ ಬರೆದರೂ ಮ್ಯಾಸ್ಲೋ, ನಗುವಿನ ಬಗ್ಗೆ ಬರೆದರೂ ಮ್ಯಾಸ್ಲೋ. ಜೊತೆಗೆ ಮನುಷ್ಯನ ಅಗತ್ಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಆ ಬಣ್ಣಬಣ್ಣದ ಪಿರಮಿಡ್. ಪಾಪ, ಅವನು 1943ರಲ್ಲಿ ಬರೆದ ಲೇಖನದಲ್ಲಿ ಪಿರಮಿಡ್ಡೇ ಇಲ್ಲ. ಮನುಷ್ಯನ ಅಗತ್ಯಗಳು ಒಂದರ ಮೇಲೊಂದು ಬರುತ್ತವೆ ಅಂದ, ಆ ಸಾಲು ಅಷ್ಟೇನೂ ಬಿಗಿ ಅಲ್ಲ ಅಂತಲೂ ಅಂದ. ತ್ರಿಕೋನದೊಳಗೆ ಅದನ್ನು ತುರುಕಿದವರು ಆಮೇಲಿನವರು. ಇದನ್ನು ನಾನು ವರ್ಷಾವರ್ಷ ಬರೆಯುತ್ತೇನೆ. "ಈ ಅಧ್ಯಾಯದಲ್ಲಿ ಮ್ಯಾಸ್ಲೋ ಯಾಕೆ ಬೇಕು?" ಅಂತ ಒಬ್ಬನನ್ನು ಕೇಳಿದೆ. "ಸರ್, ಎಲ್ಲರೂ ಹಾಕಿದ್ದಾರೆ ಸರ್" ಅಂದ. ಸಂಶೋಧನಾ ವಿಧಾನದ ಬಗ್ಗೆ ಇದಕ್ಕಿಂತ ಪ್ರಾಮಾಣಿಕ ಉತ್ತರ ನಾನು ದೊಡ್ಡ ದೊಡ್ಡ ವಿಚಾರ ಸಂಕಿರಣಗಳಲ್ಲೂ ಕೇಳಿಲ್ಲ.

ಚಿತ್ರದ ಕಥೆ ಬೇರೆ. ತಲೆಯೊಳಗೆ ಹಲ್ಲಿನ ಚಕ್ರಗಳು ತಿರುಗುತ್ತಿರುವ ನೀಲಿ ಚಿತ್ರ ಇದೆಯಲ್ಲ, ಅದೇ. ಕೆಳಗೆ "ಚಿತ್ರ 1: ಮೆದುಳು". ಎಲ್ಲಿಂದ ತಂದೆಯಪ್ಪಾ? "ಗೂಗಲ್‌ನಲ್ಲಿ ಸಿಕ್ಕಿತು ಸರ್. ಸಿಕ್ಕಿದ್ದು ಫ್ರೀ ಅಲ್ವಾ?" ವಿಕಿಯ ಚಿತ್ರ ಭಂಡಾರದಲ್ಲಿ ಮುಕ್ತ ಪರವಾನಗಿ ಇರುವುದು ಮಾತ್ರ ನಡೆಯುತ್ತದೆ, ಕ್ರಿಯೇಟಿವ್ ಕಾಮನ್ಸ್ ಅನ್ನುವ, ಹಂಚಿಕೊಳ್ಳಲು ಬಿಡುವ ಪರವಾನಗಿ ಆದರೂ "ವಾಣಿಜ್ಯ ಬಳಕೆ ಇಲ್ಲ" ಅನ್ನುವ ಷರತ್ತಿದ್ದರೆ ತೆಗೆದು ಹಾಕುತ್ತಾರೆ, ಅಂತ ಹೇಳಿದೆ. ಆ ಕಡೆಯಿಂದ ಒಂದು ಹೆಬ್ಬೆರಳು ಬಂತು. ಚಿತ್ರ ಇನ್ನೂ ಅಲ್ಲೇ ಇದೆ.

ಸರಿ, ಇಂಥ ಪ್ಲಾನಿಗೆ ಧನಾತ್ಮಕವಾಗಿ 100 ಪದ ಬರೆಯುವುದು ಹೇಗೆ? ಅದಕ್ಕೆ ತರಬೇತಿ ಆಗಿದೆ. ಮೊದಲು ಹೊಗಳಿ, ನಡುವೆ ತಪ್ಪು ಹೇಳಿ, ಮತ್ತೆ ಹೊಗಳಿ. ಇದಕ್ಕೆ ಸ್ಯಾಂಡ್‌ವಿಚ್ ಅಂತ ಹೆಸರು. ಖಾಲಿ ಪುಟದವನಿಗೆ ನಾನು ಬರೆದಿದ್ದು ಹೀಗೆ: "ಪುಟ ಬಹಳ ಶುಭ್ರವಾಗಿದೆ. ವಿಷಯವನ್ನು ಸೇರಿಸಿದರೆ ಇನ್ನೂ ಚೆನ್ನಾಗಿರುತ್ತದೆ. ಸಮಯಪಾಲನೆ ಮೆಚ್ಚತಕ್ಕದ್ದು." ಇನ್ನು 91 ಪದ ಹುಡುಕಬೇಕಿತ್ತು.

ಹುಡುಕುವುದಕ್ಕೂ ಒಂದು ದಾರಿ ಇದೆ. ಎಲ್ಲ ಮೇಷ್ಟ್ರುಗಳ ಹತ್ತಿರವೂ ಒಂದು ಗುಟ್ಟಿನ ಕಡತ ಇರುತ್ತದೆ. ನನ್ನದರಲ್ಲಿ 40 ವಾಕ್ಯಗಳಿವೆ, ನಂಬರ್ ಹಾಕಿ ಇಟ್ಟುಕೊಂಡಿದ್ದೇನೆ. ನಂಬರ್ 4: "ಒಳ್ಳೆಯ ಆರಂಭ, ಉಪಶೀರ್ಷಿಕೆ ಸೇರಿಸಿ." ನಂಬರ್ 11: "ಇನ್ನಷ್ಟು ಆಳವಾಗಿ ಚರ್ಚಿಸಿ." ಎಷ್ಟು ಆಳ? ಮೊಣಕಾಲಷ್ಟೋ, ಕುತ್ತಿಗೆಯಷ್ಟೋ? ಕೇಳಬೇಡಿ. ನಂಬರ್ 19: "ಸಿದ್ಧಾಂತ ಮತ್ತು ಸಂಶೋಧನೆಯ ನಡುವೆ ಸಮತೋಲನ ಇರಲಿ." ಇದರ ಅರ್ಥ ಬರೆದ ದಿನ ನನಗೆ ಗೊತ್ತಿತ್ತು. ಅಡ್ಡಗೋಡೆಯ ಮೇಲೆ 40 ದೀಪ ಸಾಲಾಗಿ ಇಟ್ಟಿದ್ದೇನೆ. ಯಾರ ಮನೆಗೂ ಬೆಳಕಿಲ್ಲ, ಆದರೆ ದೀಪೋತ್ಸವ ಜೋರಾಗಿದೆ.

ಬರೆದು ಅಂಟಿಸಿದ ಮೇಲೆ ತಂತ್ರಾಂಶದಲ್ಲಿ ಆ ಹೆಸರಿನ ಮುಂದೆ ಹಸಿರು ಟಿಕ್ ಬೀಳುತ್ತದೆ. ವಿದ್ಯಾರ್ಥಿ ಅದನ್ನು ಓದಿದನೋ ಇಲ್ಲವೋ ಅನ್ನುವುದಕ್ಕೆ ಯಾವ ಟಿಕ್ಕೂ ಇಲ್ಲ. ಬರುವ ಉತ್ತರ ಮಾತ್ರ ಒಂದೇ: "ಸರ್, ಫೀಡ್‌ಬ್ಯಾಕ್ ನೋಡಿದೆ, ಥ್ಯಾಂಕ್ಯೂ ಸರ್. ಮಾರ್ಕ್ಸ್ ಎಷ್ಟು?"

ಇದರಲ್ಲಿ ಹುಡುಗರದ್ದೇ ತಪ್ಪು ಅಂತ ಬೈಯುವ ಹಾಗೂ ಇಲ್ಲ. 1988ರಲ್ಲಿ ರೂತ್ ಬಟ್ಲರ್ ಅನ್ನುವ ಸಂಶೋಧಕಿ ಶಾಲಾ ಮಕ್ಕಳ ಮೇಲೆ ಒಂದು ಅಧ್ಯಯನ ಮಾಡಿದರು. ಕೆಲವರಿಗೆ ಬರೀ ಅಂಕ, ಕೆಲವರಿಗೆ ಬರೀ ಮಾತಿನ ಟಿಪ್ಪಣಿ, ಇನ್ನು ಕೆಲವರಿಗೆ ಎರಡೂ. ಬರೀ ಟಿಪ್ಪಣಿ ಸಿಕ್ಕವರು ಮುಂದಿನ ಸಲ ಚೆನ್ನಾಗಿ ಮಾಡಿದರು, ಆಸಕ್ತಿಯೂ ಉಳಿಯಿತು. ಎರಡೂ ಸಿಕ್ಕವರು ಹೆಚ್ಚುಕಡಿಮೆ ಬರೀ ಅಂಕ ಸಿಕ್ಕವರ ಹಾಗೇ ಆದರು. ಅಂಕ ಪಕ್ಕದಲ್ಲಿ ಕೂತರೆ ಮಾತು ಯಾರಿಗೂ ಕೇಳುವುದಿಲ್ಲ. ನಾವೋ, ಪ್ಲಾನಿಗೂ ಅಂಕ ಇಟ್ಟಿದ್ದೇವೆ. ಚಿತ್ರಕ್ಕೆ ಒಂದು, ರಸಪ್ರಶ್ನೆಗೆ ಒಂದು, ಬೇರೆ ಜಾಲತಾಣದ ಲಿಂಕಿಗೆ ಒಂದು. ಇನ್ನೂ ಮಜಾ ಏನೆಂದರೆ, 1996ರಲ್ಲಿ ಕ್ಲೂಗರ್ ಮತ್ತು ಡಿನಿಸಿ ಅನ್ನುವವರು ಫೀಡ್‌ಬ್ಯಾಕ್ ಬಗ್ಗೆ ಅಲ್ಲಿಯವರೆಗೆ ಬಂದಿದ್ದ 600ಕ್ಕೂ ಹೆಚ್ಚು ಫಲಿತಾಂಶಗಳನ್ನು ಒಟ್ಟು ಹಾಕಿ ನೋಡಿದರು. ಸರಾಸರಿಯಲ್ಲಿ ಲಾಭ ಇತ್ತು. ಆದರೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಕಡೆ ಫೀಡ್‌ಬ್ಯಾಕ್ ಕೊಟ್ಟ ಮೇಲೆ ಕೆಲಸ ಇನ್ನೂ ಕೆಟ್ಟಿತ್ತು. ಸುಮ್ನೆ ಇದ್ದಿದ್ದರೆ ವಾಸಿಯಿತ್ತು ಅಂದ ಹಾಗಾಯಿತು. ಈ ಮಾತನ್ನು ಸಭೆಯಲ್ಲಿ ಹೇಳಿದೆ. "ನಿಮ್ಮ ಫೀಡ್‌ಬ್ಯಾಕಿಗೆ ಧನ್ಯವಾದ" ಅಂದರು.

ಈಚೆಗೆ ಕೆಲಸ ಸುಲಭ ಆಗಿದೆ, ಅದನ್ನು ಒಪ್ಪಬೇಕು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಪ್ಲಾನುಗಳೆಲ್ಲ ಥಳಥಳ ಹೊಳೆಯುತ್ತಿವೆ. ಆಕರಗಳ ಪಟ್ಟಿ ನೋಡಿದರೆ ಕಣ್ಣು ತಂಪಾಗುತ್ತದೆ. ಲೇಖಕಿ ಇದ್ದಾರೆ, ಪತ್ರಿಕೆ ಇದೆ, ಸಂಪುಟ ಇದೆ, ಪುಟಸಂಖ್ಯೆ ಇದೆ, ಲೇಖನ ಮಾತ್ರ ಇನ್ನೂ ಹುಟ್ಟಿಲ್ಲ. ಭಾವನೆಗಳ ಬಗ್ಗೆ ಅಂತ ಕೊಟ್ಟ ಡಿಒಐ, ಅಂದರೆ ಲೇಖನದ ಆನ್‌ಲೈನ್ ಗುರುತಿನ ಸಂಖ್ಯೆ, ಒತ್ತಿದರೆ ಮಣ್ಣಿನ ಫಲವತ್ತತೆಯ ಬಗ್ಗೆ ಲೇಖನ ತೆರೆದುಕೊಂಡಿತು. ಓದಿದೆ. ಚೆನ್ನಾಗಿತ್ತು.

ಮೇಷ್ಟ್ರುಗಳೂ ಹಿಂದೆ ಬಿದ್ದಿಲ್ಲ. ಯಂತ್ರ ಬರೆದ ಪ್ಲಾನನ್ನು ಯಂತ್ರಕ್ಕೇ ಕೊಟ್ಟು "ಧನಾತ್ಮಕ, 100 ಪದ" ಅಂದರೆ ಮುಗಿಯಿತು. ಆ ಫೀಡ್‌ಬ್ಯಾಕನ್ನು ವಿದ್ಯಾರ್ಥಿ ಮತ್ತೆ ಯಂತ್ರಕ್ಕೆ ಕೊಟ್ಟು "ಇದರ ಪ್ರಕಾರ ತಿದ್ದು" ಅನ್ನುತ್ತಾನೆ. ತಿದ್ದಿದ ಅಧ್ಯಾಯ ಆನ್‌ಲೈನ್ ಆಗುತ್ತದೆ, ಎಲ್ಲರಿಗೂ ಮುಕ್ತ. ಅದನ್ನು ಇನ್ನೊಂದು ಯಂತ್ರ ಓದಿ ಕಲಿಯುತ್ತದೆ. ಸಭೆಗಳಲ್ಲಿ ಮೈಕು ಸ್ಪೀಕರಿನ ಹತ್ತಿರ ಹೋದಾಗ ಕುಂಯ್ ಅಂತ ಕಿವಿ ಸೀಳುತ್ತದಲ್ಲ? ಸ್ಪೀಕರಿನ ಸದ್ದು ಮೈಕಿಗೆ ಹೋಗಿ, ದೊಡ್ಡದಾಗಿ ಸ್ಪೀಕರಿಗೆ ಬಂದು, ಮತ್ತೆ ಮೈಕಿಗೆ ಹೋಗಿ ಆಗುವ ಗಲಾಟೆ ಅದು. ಅದರ ಹೆಸರೂ ಫೀಡ್‌ಬ್ಯಾಕೇ. ಅಲ್ಲಾದರೆ ಯಾರಾದರೂ ಓಡಿ ಬಂದು ವೈರ್ ಕೀಳುತ್ತಾರೆ.

ಇಲ್ಲಿಗೆ ನನ್ನ ತಮಾಷೆ ಖಾಲಿ. ಅಲ್ಲ ಸ್ವಾಮಿ, ಪ್ಲಾನ್ ಅಂದರೆ ಏನು? ಹರಿದು ಹಾಕಿದರೂ ನೋವಾಗದ ಹಂತ. ಹತ್ತು ಸಾಲು ಇದ್ದಾಗ "ಇದು ಬೇಡ, ನಿನ್ನ ಪ್ರಶ್ನೆ ಬೇರೆ ಕಡೆ ಇದೆ ನೋಡು" ಅಂದರೆ ಹುಡುಗಿ ಒಂದು ಸಂಜೆಯಲ್ಲಿ ಬದಲಾಯಿಸುತ್ತಾಳೆ. ಮೂರು ಸಾವಿರ ಪದ ಬರೆದ ಮೇಲೆ ಯಾರೂ ಬದಲಾಯಿಸುವುದಿಲ್ಲ, ನಾನೂ ಬದಲಾಯಿಸಲ್ಲ. ಆ ಹೊತ್ತಿಗೆ ಒಂದೇ ಒಂದು ಸಾಲು ಸಾಕು. ಆದರೆ ಆ ಸಾಲು ಬರೆಯಬೇಕಾದರೆ ಪ್ಲಾನನ್ನು ಓದಬೇಕು. ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು. ಅದಕ್ಕೆ ವೇಳೆ ಕೊಡುವುದಿಲ್ಲ. ಮೇಷ್ಟ್ರಿಗೆ ಕೊಡುವುದಿಲ್ಲ, ಹುಡುಗರಿಗೂ ಕೊಡುವುದಿಲ್ಲ. ಸುಮ್ಮನೆ ಕೂತದ್ದನ್ನು ಎಣಿಸಲು ಬರುವುದಿಲ್ಲ ಅಂತ ಪದ ಎಣಿಸುತ್ತಾರೆ. ಎಲ್ಲರೂ ಎಲ್ಲ ಕೊಟ್ಟಿದ್ದೇವೆ, ಎಲ್ಲ ಕಡೆ ಹಸಿರು ಟಿಕ್ ಬಿದ್ದಿದೆ, ಯಾರೂ ಯಾರದ್ದನ್ನೂ ಓದಿಲ್ಲ. ಇದಕ್ಕೆ ಗುಣಮಟ್ಟ ಅಂತ ಹೆಸರು ಬೇರೆ.

ನಾನೇನು ಸಾಚಾ ಅಲ್ಲ. ಹೋದ ಸಲ ಒಬ್ಬಳ ಪ್ಲಾನ್ ಬಂತು. ಉಪಶೀರ್ಷಿಕೆ ಇಲ್ಲ, ಚಿತ್ರ ಇಲ್ಲ, ಆಕರ ಇಲ್ಲ. ನಾಲ್ಕೇ ಸಾಲು. "ಹತ್ತಿರದವರು ಸತ್ತಾಗ ಕೆಲವರಿಗೆ ಅಳು ಬರುವುದಿಲ್ಲ. ಅವರಿಗೆ ದುಃಖವೇ ಇಲ್ಲ ಅಂತ ಜನ ತಿಳಿಯುತ್ತಾರೆ. ನನಗೂ ಅವತ್ತು ಬರಲಿಲ್ಲ. ಯಾಕೆ ಅಂತ ತಿಳಿಯಬೇಕು." ಸಾಲಿನಲ್ಲಿ ಅದು 63ನೆಯದು. ರಾತ್ರಿ ಒಂದೂವರೆ ಆಗಿತ್ತು. ನಂಬರ್ 4 ಅಂಟಿಸಿದೆ, ಕೆಳಗೆ 11 ಮತ್ತು 19. ಟಿಕ್ ಬಿತ್ತು.

ಅಧ್ಯಾಯ ಬಂದಾಗ ಎಲ್ಲ ಇತ್ತು. ಪೀಠಿಕೆ, ವ್ಯಾಖ್ಯೆ, ಸಿದ್ಧಾಂತಗಳು, ರಸಪ್ರಶ್ನೆ, ಪಿರಮಿಡ್. ಅಂಕವೂ ಚೆನ್ನಾಗಿ ಬಂತು, ಕೊಟ್ಟವನು ನಾನೇ. ಆ ನಾಲ್ಕು ಸಾಲು ಎಲ್ಲಿ ಹೋದವು ಅಂತ ಮೊನ್ನೆ ಆ ಪುಟದ ಇತಿಹಾಸ ತೆಗೆದು ನೋಡಿದೆ. ಪಟ್ಟಿಯ ಕೆಳಗಿನಿಂದ ಮೂರನೆಯ ಬದಲಾವಣೆ. ಕಳೆದದ್ದನ್ನು ತೋರಿಸುವ ಕೆಂಪು ಅಂಕಿ, ಅದರ ಪಕ್ಕದಲ್ಲಿ ಅವಳು ಬರೆದ ಕಾರಣ: "ಸರ್ ಫೀಡ್‌ಬ್ಯಾಕ್ ಪ್ರಕಾರ ಬೇಡದ ಭಾಗ ತೆಗೆದಿದ್ದೇನೆ."