ಬದುಕಿದ್ದೀನಿ ಅಂತ ಒಂದು ಮಾತು ಹೇಳಬಾರದಿತ್ತಾ?

ದಾವಣಗೆರೆಯಲ್ಲಿ ನನ್ನ ಗೆಳೆಯ ಹೊಸ ಮನೆಯ ಗೃಹಪ್ರವೇಶ ಮಾಡಿದ. ನನಗೆ ಗೊತ್ತಾದದ್ದು ಅವನ ವಾಟ್ಸಾಪ್ ಸ್ಟೇಟಸ್ ನೋಡಿ. ಹಸು ಒಳಗೆ ಬರುವ ವಿಡಿಯೋ, ಹಾಲು ಉಕ್ಕಿದ ಫೋಟೋ, ಊಟದ ಪಂಕ್ತಿಯಲ್ಲಿ ನಮ್ಮ ಕ್ಲಾಸಿನ ಅರ್ಧ ಜನ. ಇಟಲಿಯ ಟುರಿನ್‌ನಲ್ಲಿ ಟ್ರಾಮ್ ಕಾಯುತ್ತ ನಿಂತು ಎಲ್ಲ ನೋಡಿದೆ. ನಾನು ಬರೋಕಾಗಲ್ಲ ಅಂತ ಅವನಿಗೂ ಗೊತ್ತು. ಆದರೂ ಕಾರ್ಡಿನದೊಂದು ಫೋಟೋ ಕಳಿಸಬಹುದಿತ್ತು, ಅಲ್ವಾ?

ಆ ವಾರ ಆಫೀಸಿನ ಗೆಳೆಯನ ಮನೆಯಲ್ಲಿ 'ಗೊಮೊರ್ರಾ' ಸರಣಿಯ ಕೊನೆಯ ಸೀಸನ್ ನೋಡುತ್ತಿದ್ದೆವು. ಅವನು ನೇಪಲ್ಸ್‌ನವನು. ಸರಣಿಯೂ ಅವನ ಊರಿನ ಕಮೋರ್ರಾ ಅನ್ನುವ ಮಾಫಿಯಾ ಗ್ಯಾಂಗ್‌ಗಳದ್ದೇ. 2014ರಿಂದ 2021ರವರೆಗೆ ಐದು ಸೀಸನ್ ಬಂತು. ಅದರಲ್ಲಿನ ನೇಪಲ್ಸ್ ಮಾತು ಉಳಿದ ಇಟಲಿಯವರಿಗೆ ಅರ್ಥವಾಗೋದು ಕಷ್ಟ ಅಂತ, ಅವರದೇ ಟೀವಿಯಲ್ಲಿ ಇಟಾಲಿಯನ್ ಸಬ್‌ಟೈಟಲ್ ಹಾಕಿದ್ದರು. ಕಲಬುರಗಿ ಕನ್ನಡ ಅರ್ಥವಾಗಲ್ಲ ಅನ್ನುವ ಮೈಸೂರಿನವರೂ ಇನ್ನೂ ಸಬ್‌ಟೈಟಲ್ ಬೇಕು ಅಂದಿಲ್ಲ.

ಇಡೀ ಕಥೆ ನಿಂತಿರುವುದು ಚೀರೋ ಮತ್ತು ಜೆನ್ನಿ ಎಂಬ ಇಬ್ಬರ ಮೇಲೆ. ಜೆನ್ನಿ, ಡಾನ್ ಪಿಯೆತ್ರೋನ ಮಗ. ಚೀರೋ ಅಪ್ಪನ ಬಂಟ, ಮಗನಿಗೆ ಅಣ್ಣ ಇದ್ದ ಹಾಗೆ. ಮೊದಲ ಸೀಸನ್ ಮುಗಿಯುವಷ್ಟರಲ್ಲಿ ಚೀರೋ ಉಂಡ ಮನೆಗೇ ಎರಡು ಬಗೆದ. ಎರಡನೆಯದರ ಕೊನೆಗೆ ಜೆನ್ನಿಯೇ ಚೀರೋನ ಕೈಯಲ್ಲಿ ಸ್ವಂತ ಅಪ್ಪನನ್ನು ಸ್ಮಶಾನದಲ್ಲಿ ಕೊಲ್ಲಿಸಿದ. ಅದೇ ಹೊತ್ತಿಗೆ ಹುಟ್ಟಿದ ಮಗನಿಗೆ ಅಪ್ಪನ ಹೆಸರೇ ಇಟ್ಟ! ಮೂರನೆಯದರಲ್ಲಿ, ಚೀರೋ ತಾನೇ ಹೊಡಿ ಅಂದಿದ್ದಕ್ಕೆ, ದೋಣಿಯ ಮೇಲೆ ಅವನಿಗೆ ಗುಂಡು ಹೊಡೆದ. ಸಮುದ್ರಕ್ಕೆ ಬಿದ್ದವನು ಸಾಯಲಿಲ್ಲ. ಆಮೇಲೆ ನೋಡಿದರೆ ಲಾಟ್ವಿಯಾದ ರೀಗಾದಲ್ಲಿ ಇದ್ದಾನೆ.

ಜೆನ್ನಿ ಅಲ್ಲಿಗೆ ಹೋಗಿ ಕುದಿಯುತ್ತಾನೆ. ಹಳೆಯ ದ್ರೋಹಕ್ಕಲ್ಲ. ನಿನ್ನನ್ನು ನಾನೇ ಕೊಂದೆ ಅಂದುಕೊಂಡು ಇಷ್ಟು ದಿನ ಸಾಯುತ್ತಿದ್ದೆನಲ್ಲ, ಬದುಕಿದ್ದೀನಿ ಅಂತ ಒಂದು ಮಾತು ಹೇಳಬಾರದಿತ್ತಾ ಅನ್ನುವ ಸಂಕಟ ಅದು. ನಾನು ನೋಡಿದ್ದು ಹಾಗೆ. ನನಗೆ ತಕ್ಷಣ ಆ ಸ್ಟೇಟಸ್ಸೇ ಕಣ್ಣ ಮುಂದೆ ಬಂತು.

ಇಲ್ಲಿನ ಜನಕ್ಕೆ ಸಿಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳೋಕೆ ಬರಲ್ಲ. ಹೋದ ವರ್ಷ ಇದೇ ನೇಪಲ್ಸ್ ಗೆಳೆಯನ ಕೆಲಸ ತಡವಾಗಿದೆ ಅಂತ ನಾನು ಬಾಸ್‌ಗೆ ಹೇಳಿಬಿಟ್ಟಿದ್ದೆ. ಕಾಫಿ ಮೆಷೀನ್ ಹತ್ತಿರ ಎಲ್ಲರೆದುರು ಕೈ ಬೀಸಿ ಕೂಗಾಡಿದ. ನನ್ನ ಕಾಲು ನಡುಗುತ್ತಿತ್ತು. ಹತ್ತು ನಿಮಿಷ ಬಿಟ್ಟು ಅವನೇ ನನಗೆ ಕಾಫಿ ತಂದುಕೊಟ್ಟ. ಮುಗೀತು.

ನಮ್ಮಲ್ಲಿ ಏನು ಮಾಡ್ತೀವಿ? "ಅಯ್ಯೋ, ಏನಿಲ್ಲ ಬಿಡಪ್ಪ" ಅಂತೀವಿ. ಆಮೇಲೆ ಫೋನ್ ಕಮ್ಮಿ ಮಾಡ್ತೀವಿ. ಆಮೇಲೆ ಹಬ್ಬಕ್ಕೆ ಒಂದು ಫಾರ್ವರ್ಡ್. ಯಾಕೆ ಅಂತ ಕೇಳಿದರೆ, "ಸುಮ್ನೆ, ಕೆಲಸ ಜಾಸ್ತಿ." ಒಬ್ಬರೂ ಒಂದು ಮಾತು ಆಡದೆ ಇಪ್ಪತ್ತು ವರ್ಷದ ಸ್ನೇಹ ಮುಗಿದಿರುತ್ತೆ. ನನಗಂತೂ ಈಗ ಆ ಕೂಗಾಟವೇ ವಾಸಿ ಅನ್ನಿಸುತ್ತೆ.

ಒಂದು ವಿಷಯ ಬಿಟ್ಟೆ. ಆ ಮನೆಯ ಸೈಟಿಗೆ ಅಡ್ವಾನ್ಸ್ ಕೊಡೋಕೆ ಅವನು ನನ್ನ ಹತ್ತಿರ ಎರಡು ಲಕ್ಷ ತಗೊಂಡಿದ್ದ. ನಾನು ವಾಪಸ್ ಕೇಳಲಿಲ್ಲ. ಅವನೂ ಆ ಮಾತು ಎತ್ತಲಿಲ್ಲ. ಆದರೆ ಅವನು ಎರಡು ಸಲ ಫೋನ್ ಮಾಡಿದಾಗ ದುಡ್ಡಿನ ಮಾತು ಬಂದರೆ ಮುಜುಗರ ಅಂತ ಎತ್ತದೆ ಇದ್ದವನು ನಾನೇ. ಅಪ್ಪನಿಗೆ ಆಪರೇಷನ್ ಆದಾಗ ಮೂರು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದವನು ಅವನು. ಅದನ್ನೂ ಅವನು ನನಗೆ ಹೇಳಿರಲಿಲ್ಲ. ಅಮ್ಮ ಹೇಳಿದ್ದು.

ಮತ್ತೆ, ಎಲ್ಲವನ್ನೂ ಮುಖಕ್ಕೆ ಮುಖ ಕೊಟ್ಟು ತೀರಿಸಿಕೊಂಡ ಚೀರೋ, ಜೆನ್ನಿ ಇಬ್ಬರೂ ಕೊನೆಗೆ ಒಂದೇ ಮರಳ ದಂಡೆಯಲ್ಲಿ ಸತ್ತು ಬಿದ್ದಿರುತ್ತಾರೆ. ಅದನ್ನೂ ಹೇಳಬೇಕಲ್ಲ.

ಎಪಿಸೋಡ್ ಮುಗಿದ ಮೇಲೆ ನೇಪಲ್ಸ್‌ನವನಿಗೆ ಗೃಹಪ್ರವೇಶದ ಕಥೆ ಹೇಳಿದೆ. "ಈಗಲೇ ಫೋನ್ ಮಾಡಿ ಬೈ" ಅಂದ. ಆಗ ಇಲ್ಲಿ ರಾತ್ರಿ ಎಂಟು, ಅಲ್ಲಿ ಹನ್ನೊಂದೂವರೆ. ಮಲಗಿರ್ತಾನೆ ಅಂದೆ. ಸ್ಟೇಟಸ್‌ಗೆ ಒಂದು ಕೈಮುಗಿಯುವ ಇಮೋಜಿ ಹಾಕಿದೆ. ಎರಡೇ ನಿಮಿಷಕ್ಕೆ ನೀಲಿ ಟಿಕ್ ಬಂತು.